ಪುರುಷಾನುರೂಪ ಲೇಖನ: ವೃತ್ತಿಜಾಲದ ವ್ಯವಹಾರಪತ್ರಗಳ ಒಂದು ವಿಮರ್ಶೆ

೧

ಪತ್ರವೂ ಸಾಹಿತ್ಯದ ಒಂದು ಪ್ರಕಾರವೆಂದು ವಿಮರ್ಶಕರು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದಾರೆ. ಆದರೆ ಹಾಗೆ ಒಪ್ಪುವಾಗ ಅವರ ಕಣ್ಣ ಮುಂದಿರುವುದು ಕವಿಗಳ, ದಾರ್ಶನಿಕರ, ರಾಷ್ಟ್ರನಾಯಕರ ಪತ್ರಗಳು. ಸರಕನ್ನು ಮಾರಹೊರಟವನು ತಾನು ಕಂಡರಿಯದ ಒಬ್ಬ ಅಧಿಕಾರಿಗೆ ಬರೆಯುವ ನಾಲ್ಕು ಸಾಲುಗಳು ವಿಮರ್ಶೆಯ ಅಂಗಳಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಬರಬೇಕೆಂಬುದು ನಮ್ಮ ಅಭಿಪ್ರಾಯ. ನಮ್ಮ ಕಾಲೇಜುಗಳಿಂದ ಹೊರಬೀಳುವ ತರುಣ ತರುಣಿಯರಲ್ಲಿ ಅನೇಕರು ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಲ್ಲಿಯೇ ಬರೆಯಬೇಕಾಗುವ ಗದ್ಯ ಇದು. ಕೆಲಸವನ್ನು ಅರಸುವಾಗ ಅವರು ಬರೆಯುವ ಗದ್ಯವೂ ಬಹುಮಟ್ಟಿಗೆ ಇದೇ ಬಗೆಯದು. ಇಷ್ಟು ಮಂದಿ ಇಷ್ಟು ಆತಂಕದಿಂದ ಬರೆಯುವ ಪ್ರಕಾರವೊಂದಕ್ಕೆ ಗುಣದೋಷಗಳ ವಿವೇಚನೆ ಬೇಡವೆಂದು ಹೇಳಲಾಗದು.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸುವುದು ವೃತ್ತಿಸಂಪರ್ಕದ ಜಾಲತಾಣಗಳಲ್ಲಿ, ಮುಖ್ಯವಾಗಿ ಲಿಂಕ್ಡ್‌ಇನ್‌ನಲ್ಲಿ, ಮುಂದೆ ಗಿರಾಕಿಗಳಾಗಬಹುದಾದವರಿಗೆ ಬರೆಯುವ ಪತ್ರಗಳನ್ನು. ಈ ತಾಣವು ೨೦೦೩ರ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಯಿತು. ೨೦೧೬ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನು ಕೊಂಡಿತು. ಇಲ್ಲಿ ಸದಸ್ಯರು ತಾವು ಓದಿದ ಕಾಲೇಜು, ಮಾಡಿದ ಕೆಲಸ, ಈಗಿನ ಹುದ್ದೆ, ವಾಸದ ಊರು ಮೊದಲಾದುವನ್ನು ಒಂದು ಪರಿಚಯಪುಟದಲ್ಲಿ ಪ್ರಕಟಿಸಿರುತ್ತಾರೆ. ಅದನ್ನು ಓದಿ ಅಪರಿಚಿತರು ಅವರಿಗೆ ಪತ್ರ ಬರೆಯಬಹುದು. ಹೀಗೆ ಬರೆಯುವವರಿಗೆ ಸಿಗುವ ಮೊದಲ ಉಪದೇಶವೆಂದರೆ, ಎಲ್ಲರಿಗೂ ಒಂದೇ ಪತ್ರವನ್ನು ಕಳುಹಿಸಬಾರದು, ಓದುವವರ ಪುಟವನ್ನು ನೋಡಿ ಅವರಿಗೇ ಹೊಂದುವಂತೆ ಬರೆಯಬೇಕು ಎಂಬುದು. ಉಪದೇಶವೇನೋ ಒಳ್ಳೆಯದೇ. ಆದರೆ ಪತ್ರವೊಂದು ಒಬ್ಬರಿಗೇ ಹೊಂದುವುದು ಯಾವುದರಿಂದ? ಅವರ ಹೆಸರು, ಊರು, ಕಲಿತ ಶಾಲೆ ಇವುಗಳ ಉಲ್ಲೇಖದಿಂದಲೇ, ಅಥವಾ ಬೇರೊಂದು ಗುಣದಿಂದಲೇ? ಈ ಒಂದು ಪ್ರಶ್ನೆಯೇ ನಮ್ಮ ವಿಷಯ.

೨

ವಿವೇಚನೆಗೆ ಆಧಾರವಾಗಿ ಮೂರು ಮಾದರಿಗಳನ್ನು ಕೊಡುತ್ತೇವೆ. ಇವು ಯಾರೊಬ್ಬರ ಖಾಸಗಿ ಪತ್ರಗಳೂ ಅಲ್ಲ. ಚಾಲ್ತಿಯಲ್ಲಿರುವ ರೀತಿಗಳನ್ನು ನೋಡಿ ನಾವೇ ರಚಿಸಿದುವು. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆಯುವ ಇವನ್ನು ವಾಚಕರ ಅನುಕೂಲಕ್ಕಾಗಿ ಕನ್ನಡದಲ್ಲಿಯೇ ಬರೆದಿದ್ದೇವೆ. ಸಂದರ್ಭ ಹೀಗಿದೆಯೆಂದು ಭಾವಿಸೋಣ: ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಕಾರ್ಖಾನೆ, ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಾಧಿಕಾರಿಯೊಬ್ಬರು. ಮೈಕ್ರೋಮೀಟರು, ವರ್ನಿಯರ್ ಕ್ಯಾಲಿಪರು ಮುಂತಾದ ಅಳತೆಯ ಉಪಕರಣಗಳನ್ನು ಗೊತ್ತಾದ ಅವಧಿಗೊಮ್ಮೆ ಪರೀಕ್ಷೆ ಮಾಡಿಸಿ ದಾಖಲೆ ಇಡುವುದು ಇವರ ಹೊಣೆ. ಪತ್ರ ಬರೆಯುವವನು ಆ ದಾಖಲೆಗಳನ್ನು ಇಡುವ ತಂತ್ರಾಂಶವನ್ನು ಮಾರುವ ಸಣ್ಣ ಸಂಸ್ಥೆಯವನು.

ಮೊದಲನೆಯ ಮಾದರಿ: “ನಮಸ್ಕಾರ. ತಮ್ಮ ಪರಿಚಯಪುಟವನ್ನು ನೋಡಿದೆ. ತಮ್ಮ ಸಾಧನೆ ನಿಜಕ್ಕೂ ಸ್ಫೂರ್ತಿದಾಯಕ. ಸಮಾನ ಆಸಕ್ತಿಯುಳ್ಳವರೊಡನೆ ಸಂಪರ್ಕ ಬೆಳೆಸಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಏನನ್ನೂ ಮಾರಲು ಬಂದವನಲ್ಲ.”

ಎರಡನೆಯದು: “ತಾವು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವರೆಂದು ತಿಳಿದು ಬಹಳ ಸಂತೋಷವಾಯಿತು. ಅಲ್ಲಿಯ ಬೆಣ್ಣೆದೋಸೆಯ ರುಚಿಯನ್ನು ನಾನೂ ಮರೆತಿಲ್ಲ! ಹತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ನಿಂತು ಮೇಲಕ್ಕೆ ಬಂದಿರುವ ತಮ್ಮ ನಿಷ್ಠೆ ಅಪರೂಪವಾದದ್ದು. ಉಪಕರಣಗಳ ದಾಖಲೆಗೆ ನಮ್ಮಲ್ಲಿ ಒಂದು ಹೊಸ ತಂತ್ರಾಂಶವಿದೆ. ಮಂಗಳವಾರ ಹದಿನೈದು ನಿಮಿಷ ಬಿಡುವಾಗುವುದೇ?”

ಮೂರನೆಯದು: “ಅಳತೆ ಉಪಕರಣಗಳ ದಾಖಲೆ ನೋಡಿಕೊಳ್ಳಲು ಒಬ್ಬರು ಬೇಕೆಂದು ತಮ್ಮ ಕಾರ್ಖಾನೆ ಕಳೆದ ವಾರ ಪ್ರಕಟಿಸಿದ್ದನ್ನು ಕಂಡು ಬರೆಯುತ್ತಿದ್ದೇನೆ. ಪರೀಕ್ಷೆಯ ಅವಧಿ ಮೀರಿದ ಉಪಕರಣ ಕೆಲಸದ ಮೇಜಿಗೆ ಹೋಗದಂತೆ ಮುಂಚಿತವಾಗಿ ಎಚ್ಚರಿಸುವ ತಂತ್ರಾಂಶವನ್ನು ನಾವು ಮಾರುತ್ತೇವೆ. ತಮ್ಮಲ್ಲಿ ಇನ್ನೂರಕ್ಕಿಂತ ಕಡಮೆ ಉಪಕರಣಗಳಿದ್ದರೆ ಒಂದು ರಿಜಿಸ್ಟರೇ ಸಾಕು, ನಮ್ಮದು ಬೇಕಾಗದು. ಹೆಚ್ಚಿದ್ದರೆ ಬೆಲೆಸಹಿತ ಎರಡು ಪುಟಗಳ ವಿವರವನ್ನು ಕಳುಹಿಸಬಹುದೇ? ಬೇಡವೆಂದರೆ ಮತ್ತೆ ಬರೆಯುವುದಿಲ್ಲ.”

ಮೊದಲನೆಯದು ಸತ್ತ್ವಹೀನವೆಂದು ಯಾರಿಗಾದರೂ ಒಡನೆಯೇ ತಿಳಿಯುತ್ತದೆ. ಇದನ್ನು ಹೋಮಿಯೋಪತಿ ವೈದ್ಯರಿಗೂ ಕಳುಹಿಸಬಹುದು, ಹಡಗಿನ ಕಪ್ತಾನನಿಗೂ ಕಳುಹಿಸಬಹುದು. ತೊಡಕಿರುವುದು ಎರಡನೆಯದರಲ್ಲಿ. ಮೇಲೆ ಹೇಳಿದ ಉಪದೇಶವನ್ನು ಅದು ಅಕ್ಷರಶಃ ಪಾಲಿಸಿದೆ. ಓದುವವರ ಊರು, ವಿದ್ಯೆ, ಸೇವಾವಧಿ ಮೂರೂ ಅದರಲ್ಲಿವೆ. ಮೂರನೆಯದರಲ್ಲಾದರೋ ಓದುವವರ ಜೀವನವೃತ್ತಾಂತದ ಒಂದು ಅಂಶವೂ ಇಲ್ಲ. ಆದರೂ ಮೂರನೆಯದೇ ಅವರಿಗಾಗಿ ಬರೆದ ಪತ್ರವೆಂದು ನಮಗೆ ತೋರುತ್ತದೆ. ಇದು ಕೇವಲ ರುಚಿಯ ಮಾತೋ, ಅಥವಾ ಇದಕ್ಕೆ ಶಾಸ್ತ್ರಸಮ್ಮತವಾದ ಕಾರಣವಿದೆಯೋ ಎಂಬುದನ್ನು ನೋಡಬೇಕು.

೩

ವ್ಯವಹಾರದ ಲೇಖನಕ್ಕೆ ಗುಣದೋಷಗಳ ಲಕ್ಷಣವನ್ನು ನಮ್ಮ ದೇಶದಲ್ಲಿ ಬಹು ಹಿಂದೆಯೇ ಹೇಳಲಾಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳ ಲೇಖನವನ್ನು ಕುರಿತ ಒಂದು ಅಧ್ಯಾಯವಿದೆ. ರಾಜನೀತಿಯ ವಿದ್ಯಾರ್ಥಿಗಳು ಓದುವಷ್ಟು ಸಾಹಿತ್ಯದ ವಿದ್ಯಾರ್ಥಿಗಳು ಈ ಅಧ್ಯಾಯವನ್ನು ಓದುವುದಿಲ್ಲವೆಂಬುದು ಶೋಚನೀಯ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಲೇಖನದ ಗುಣಗಳೆಂದೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳೆಂದೂ ಅಲ್ಲಿ ನಿರೂಪಿತವಾಗಿದೆ. ಇದಲ್ಲದೆ ಪತ್ರವನ್ನು ಪಡೆಯುವವನ ಜಾತಿ, ಕುಲ, ಸ್ಥಾನ, ವಯಸ್ಸು, ವಿದ್ಯೆ, ಕರ್ಮ, ಸಂಪತ್ತು, ಶೀಲ, ದೇಶ, ಕಾಲ ಮೊದಲಾದುವನ್ನು ಪರಿಶೀಲಿಸಿ ಲೇಖನವನ್ನು ಪುರುಷಾನುರೂಪವಾಗಿ ರಚಿಸಬೇಕೆಂಬ ವಿಧಿಯೂ ಇದೆ. ಇಂದಿನ ಉಪದೇಶಕರು ಹೊಸದೆಂದು ಹೇಳುವ ತತ್ತ್ವಕ್ಕೆ ಇದಕ್ಕಿಂತ ಚಿಕ್ಕದಾದ, ಚೊಕ್ಕವಾದ ಹೆಸರು ನಮಗೆ ಗೊತ್ತಿಲ್ಲ.

ಈ ಪಟ್ಟಿಯನ್ನು ಇದ್ದಂತೆಯೇ ಸ್ವೀಕರಿಸಬೇಕೆಂಬುದು ನಮ್ಮ ಅರ್ಥವಲ್ಲ. ಜಾತಿಕುಲಗಳನ್ನು ವಿಚಾರಿಸಿ ಮನ್ನಣೆಯನ್ನು ಅಳೆಯುವುದು ಆ ಕಾಲದ ರಾಜಸಭೆಯ ರೀತಿ. ಇಂದು ಅದು ಸಲ್ಲದು. ನಾವು ಗಮನಿಸಬೇಕಾದುದು ಒಂದು ಸೂಕ್ಷ್ಮವನ್ನು. ಇವನ್ನೆಲ್ಲ ಪರಿಶೀಲಿಸಬೇಕೆಂದು ಕೌಟಿಲ್ಯನು ಹೇಳಿದನೇ ಹೊರತು ಪತ್ರದಲ್ಲಿ ಹೇಳಿ ತೋರಿಸಬೇಕೆಂದು ಹೇಳಲಿಲ್ಲ. ಪತ್ರದ ಆರಂಭದಲ್ಲಿ ಯಾರಿಗೆ ಎಷ್ಟು ಉಪಚಾರದ ಮಾತು ಸಲ್ಲಬೇಕೆಂಬುದನ್ನು ಅವನು ಬೇರೆಯಾಗಿಯೇ ವಿಧಿಸುತ್ತಾನೆ. ಉಪಚಾರದ ಸ್ಥಾನ ಬೇರೆ, ಅರ್ಥದ ಸ್ಥಾನ ಬೇರೆ. ಓದುವವರನ್ನು ಕುರಿತ ಜ್ಞಾನವು ಕಾರ್ಯವನ್ನು ರೂಪಿಸಬೇಕು. ಅದು ತಾನೇ ಮುಂದೆ ಬಂದು ನಿಲ್ಲಬೇಕಾಗಿಲ್ಲ.

ಈ ಒರೆಗಲ್ಲಿಗೆ ನಮ್ಮ ಮಾದರಿಗಳನ್ನು ಹಚ್ಚಿ ನೋಡೋಣ. ಪ್ರಧಾನವಾದ ವಿಷಯವನ್ನು ಮೊದಲು ಇಡುವುದು ಅರ್ಥಕ್ರಮ. ಎರಡನೆಯ ಪತ್ರದಲ್ಲಿ ಪ್ರಧಾನ ವಿಷಯ ನಾಲ್ಕನೆಯ ವಾಕ್ಯಕ್ಕೆ ಬರುತ್ತದೆ. ಹಿಡಿದ ಅರ್ಥಕ್ಕೆ ಅಡ್ಡಿಯಾಗದಂತೆ ಮುಂದಿನ ಮಾತನ್ನು ಕೊನೆಯವರೆಗೆ ನಡೆಸುವುದು ಸಂಬಂಧ. ಬೆಣ್ಣೆದೋಸೆಗೂ ಮೈಕ್ರೋಮೀಟರಿಗೂ ಏನು ಸಂಬಂಧ? ಹೆಚ್ಚು ಕಡಮೆಯಿಲ್ಲದಿರುವುದು, ಕಾರಣ ದೃಷ್ಟಾಂತಗಳಿಂದ ಅರ್ಥವನ್ನು ವಿಶದಪಡಿಸುವುದು ಪರಿಪೂರ್ಣತೆ. ತಂತ್ರಾಂಶ ಹೊಸದೆಂದಷ್ಟೇ ಎರಡನೆಯ ಪತ್ರ ಹೇಳುತ್ತದೆ. ಅದು ಏನು ಮಾಡುತ್ತದೆ, ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಮೂರನೆಯದು ಹೇಳುತ್ತದೆ. ಮುಂದಿನ ಮಾತು ಹಿಂದಿನದಕ್ಕೆ ವಿರುದ್ಧವಾಗುವುದು ವ್ಯಾಘಾತ. ಮಾರಲು ಬಂದವನಲ್ಲವೆಂದ ಮೊದಲನೆಯ ಪತ್ರದ ಲೇಖಕನು ಸಂಪರ್ಕ ಒಪ್ಪಿತವಾದ ಮರುದಿನವೇ ಬೆಲೆಪಟ್ಟಿಯನ್ನು ಕಳುಹಿಸಿದರೆ ಆಗುವುದು ಇದೇ. ಹೇಳಿದ್ದನ್ನು ವಿಶೇಷವೇನೂ ಇಲ್ಲದೆ ಎರಡನೆಯ ಸಲ ಹೇಳುವುದು ಪುನರುಕ್ತ. ಉತ್ತರ ಬಾರದಿದ್ದಾಗ, ಹಿಂದಿನ ಪತ್ರವನ್ನು ನೋಡಿದಿರಾ ಎಂದಷ್ಟೇ ಕೇಳಿ ಕಳುಹಿಸುವ ಜ್ಞಾಪನಪತ್ರಗಳಿಗೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ಹೇಳುವುದು ಕಷ್ಟ.

ಇದರಿಂದ ಒಂದು ಸರಳವಾದ ಪರೀಕ್ಷೆ ದೊರೆಯುತ್ತದೆ. ಓದುವವರನ್ನು ಕುರಿತ ವಾಕ್ಯವನ್ನು ಪತ್ರದಿಂದ ತೆಗೆದುಹಾಕಿ ನೋಡಬೇಕು. ಉಳಿದ ಪ್ರಾರ್ಥನೆ ಹಾಗೆಯೇ ನಿಂತರೆ ಆ ವಾಕ್ಯ ಮೈಮೇಲಿನ ಒಡವೆ. ಪ್ರಾರ್ಥನೆಯೂ ಕುಸಿದರೆ ಅದು ಪತ್ರದ ಎಲುಬು. ಎರಡನೆಯದರಲ್ಲಿ ದಾವಣಗೆರೆಯನ್ನು ತೆಗೆದು ಧಾರವಾಡವನ್ನೂ, ಬೆಣ್ಣೆದೋಸೆಯನ್ನು ತೆಗೆದು ಪೇಡೆಯನ್ನೂ ಇಟ್ಟರೆ ಪತ್ರಕ್ಕೆ ಕುಂದೇನೂ ಆಗುವುದಿಲ್ಲ. ಮೂರನೆಯದರಲ್ಲಿ ಕಾರ್ಖಾನೆಯ ಪ್ರಕಟಣೆಯನ್ನು ತೆಗೆದರೆ ಪತ್ರ ಬರೆಯಲು ಕಾರಣವೇ ಉಳಿಯುವುದಿಲ್ಲ.

೪

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಉಪಚಾರದ ಮಾತಿಲ್ಲದೆ ಪತ್ರವುಂಟೇ? ಹನ್ನೆರಡನೆಯ ಶತಮಾನದ ಇಟಲಿಯಲ್ಲಿ ಬೊಲೋನ್ಯ ನಗರದ ಪತ್ರಲೇಖನಾಚಾರ್ಯರು ಪತ್ರಕ್ಕೆ ಐದು ಅಂಗಗಳನ್ನು ವಿಧಿಸಿದ್ದರು: ಸಂಬೋಧನೆ, ಓದುವವರ ಮನವೊಲಿಸುವ ಮಾತು, ವೃತ್ತಾಂತ, ಪ್ರಾರ್ಥನೆ, ಮುಕ್ತಾಯ. ಎರಡನೆಯ ಅಂಗಕ್ಕೆ ಅಲ್ಲಿ ಶಾಸ್ತ್ರದ ಮನ್ನಣೆಯೇ ಇತ್ತು. ನಮ್ಮ ಹಿರಿಯರ ಪತ್ರಗಳಲ್ಲಿಯೂ ತೀರ್ಥರೂಪ, ಮಹಾರಾಜಶ್ರೀ, ಚಿರಂಜೀವಿ ಎಂಬ ಸಂಬೋಧನೆಗಳೂ, ಉಭಯಕುಶಲೋಪರಿ ಎಂಬ ಮಾತೂ ತಪ್ಪದೆ ಬರುತ್ತಿದ್ದುವು. ಹೀಗಿರುವಲ್ಲಿ ಇಂದಿನವನು ಒಂದು ಮೆಚ್ಚುಗೆಯ ಮಾತನ್ನಾಡಿದರೆ ತಪ್ಪೇನು?

ಆಕ್ಷೇಪಣೆ ಯೋಗ್ಯವಾದದ್ದು, ಉತ್ತರವೂ ಅದರಲ್ಲಿಯೇ ಇದೆ. ಉಭಯಕುಶಲೋಪರಿ ಎಂದು ಬರೆದವನು ಆ ಮಾತು ಈ ಓದುಗನಿಗೆಂದೇ ಹುಟ್ಟಿತೆಂದು ನಟಿಸುತ್ತಿರಲಿಲ್ಲ. ಅದು ಎಲ್ಲರಿಗೂ ಸಲ್ಲುವ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಸೂತ್ರವು ಸೂತ್ರವಾಗಿಯೇ ಕಾಣಿಸಿಕೊಂಡಾಗ ಅದರಲ್ಲಿ ಒಂದು ಮರ್ಯಾದೆಯಿರುತ್ತದೆ. ಅಮೆರಿಕದ ವ್ಯವಹಾರಪತ್ರಗಳ ಚರಿತ್ರೆಯಲ್ಲಿಯೂ ಇದಕ್ಕೆ ಒಂದು ನಿದರ್ಶನವುಂಟು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಚಂದಾದಾರರನ್ನು ಕೂಡಿಸಲು ಮಾರ್ಟಿನ್ ಕಾನ್ರಾಯ್ ಬರೆದ ಪತ್ರ ೧೯೭೫ರಿಂದ ೨೦೦೩ರವರೆಗೆ ಬಳಕೆಯಲ್ಲಿತ್ತು. ಒಂದೇ ಕಾಲೇಜಿನಿಂದ ಒಂದೇ ದಿನ ಹೊರಬಂದ ಇಬ್ಬರು ತರುಣರು ಇಪ್ಪತ್ತೈದು ವರ್ಷಗಳ ಮೇಲೆ ಏನಾದರೆಂಬ ಕಥೆ ಅದು. ಪತ್ರವನ್ನು ಓದುವವನ ಬಗೆಗೆ ಅದರಲ್ಲಿ ಒಂದು ವಿವರವೂ ಇಲ್ಲ. ತಾನು ಬಹುಜನರಿಗೆ ಬರೆದದ್ದೆಂಬುದನ್ನು ಅದು ಮರೆಮಾಚುವುದಿಲ್ಲ. ಆದರೂ ಮಧ್ಯವಯಸ್ಸಿನ ನೌಕರನೊಬ್ಬನು ಅದರಲ್ಲಿ ತನ್ನ ಮನಸ್ಸಿನ ಅಳುಕನ್ನು ಕಾಣಬಹುದಾಗಿತ್ತು. ಆ ಪತ್ರದ ವ್ಯಾಪಾರೋದ್ದೇಶವನ್ನು ಮೆಚ್ಚದವರೂ ಅದು ಸ್ನೇಹವನ್ನು ನಟಿಸಿತೆಂದು ದೂರಲಾರರು.

ನಮ್ಮ ಎರಡನೆಯ ಮಾದರಿಯ ದೋಷ ಮೆಚ್ಚುಗೆಯಲ್ಲ, ಮೆಚ್ಚುಗೆಯ ಆಭಾಸ. ಅನುಚಿತವಾಗಿ ಪ್ರವರ್ತಿಸಿದ ರಸವನ್ನು ನಮ್ಮ ಆಲಂಕಾರಿಕರು ರಸಾಭಾಸವೆಂದು ಕರೆದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಆ ದೃಷ್ಟಿಯಿಂದ ನೋಡಿದರೆ ಇದು ಸ್ನೇಹಾಭಾಸ. ಅಪರಿಚಿತನೊಬ್ಬನು ಹತ್ತು ವರ್ಷಗಳ ನಿಷ್ಠೆಯನ್ನು ಹೊಗಳಿ, ಅದೇ ಉಸಿರಿನಲ್ಲಿ ಮಂಗಳವಾರದ ಹದಿನೈದು ನಿಮಿಷಗಳನ್ನು ಕೇಳಿದಾಗ ಹೊಗಳಿಕೆ ಬೆಲೆಯಾಗಿ ಮಾರ್ಪಡುತ್ತದೆ. ಓದುವವರಿಗೆ ಮುಜುಗರವಾಗುವುದು ತಮ್ಮ ಪುಟವನ್ನು ಅವನು ಓದಿದನೆಂದಲ್ಲ, ಓದಿದ್ದನ್ನು ಹೀಗೆ ಖರ್ಚು ಮಾಡಿದನೆಂದು.

೫

ಈ ಪ್ರಕಾರದ ದೋಷಗಳಿಗೆ ಬರೆಯುವವರನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ. ಪತ್ರವನ್ನು ಒಯ್ಯುವ ವ್ಯವಸ್ಥೆಯೂ ಪತ್ರದ ಶೈಲಿಯನ್ನು ರೂಪಿಸುತ್ತದೆ. ಲಿಂಕ್ಡ್‌ಇನ್‌ನಲ್ಲಿ ಪರಿಚಯವಿಲ್ಲದವರಿಗೆ ನೇರವಾಗಿ ಬರೆಯಲು ಇನ್‌ಮೇಲ್ ಎಂಬ ಸೌಕರ್ಯವುಂಟು. ಹಣ ತೆತ್ತ ಸದಸ್ಯರಿಗೆ ತಿಂಗಳಿಗೆ ಇಷ್ಟೆಂದು ಅದು ದೊರೆಯುತ್ತದೆ. ೨೦೧೪ರವರೆಗೆ, ಏಳು ದಿನಗಳೊಳಗೆ ಉತ್ತರ ಬಾರದ ಪತ್ರದ ಲೆಕ್ಕವನ್ನು ಬರೆದವರಿಗೆ ಹಿಂದಿರುಗಿಸುವ ಪದ್ಧತಿಯಿತ್ತು. ಎಂದರೆ, ವ್ಯರ್ಥವಾದ ಪತ್ರದಿಂದ ನಷ್ಟವಿರಲಿಲ್ಲ. ೨೦೧೫ರ ಜನವರಿಯಿಂದ ಈ ನಿಯಮವನ್ನು ತಿರುಗುಮುರುಗು ಮಾಡಿ, ತೊಂಬತ್ತು ದಿನಗಳೊಳಗೆ ಉತ್ತರ ಬಂದ ಪತ್ರದ ಲೆಕ್ಕವನ್ನು ಮಾತ್ರ ಹಿಂದಿರುಗಿಸತೊಡಗಿದರು. ಬೇಡವೆಂಬ ಉತ್ತರವೂ ಉತ್ತರವೆಂದೇ ಎಣಿಕೆಯಾಗುತ್ತದೆ. ಸಾಹಿತ್ಯ ವಿಮರ್ಶಕರು ಮಾಡಬೇಕಾದ ಒಂದು ಕೆಲಸವನ್ನು ಇಲ್ಲಿ ಲೆಕ್ಕದ ಪುಸ್ತಕವೇ ಮಾಡಿತೆನ್ನಬಹುದು: ಓದುವವರು ಉತ್ತರ ಕೊಡಲು ಯೋಗ್ಯವೆಂದು ಭಾವಿಸುವುದೇ ಪತ್ರದ ಗುಣವೆಂದು ಅದು ಒಪ್ಪಿಕೊಂಡಿತು.

ಆದರೆ ಬರೆಯುವವನು ಯಾರೆಂಬ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಸದಸ್ಯರ ಹೆಸರಿನಲ್ಲಿ ಅವರ ಪರಿಚಿತರಿಗೆ ಆಹ್ವಾನವನ್ನು ಕಳುಹಿಸಿ, ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಜ್ಞಾಪನಪತ್ರಗಳನ್ನು ಕಳುಹಿಸಿದ್ದನ್ನು ಆಕ್ಷೇಪಿಸಿ ೨೦೧೩ರಲ್ಲಿ ಈ ಸಂಸ್ಥೆಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಲಾಯಿತು. ಮೊದಲ ಆಹ್ವಾನಕ್ಕೆ ಕೊಟ್ಟ ಒಪ್ಪಿಗೆ ಜ್ಞಾಪನಪತ್ರಗಳಿಗೂ ಸಲ್ಲುವುದೆಂಬ ವಾದವನ್ನು ನ್ಯಾಯಾಲಯ ೨೦೧೪ರಲ್ಲಿ ಒಪ್ಪಲಿಲ್ಲ. ೨೦೧೫ರಲ್ಲಿ ಸಂಸ್ಥೆಯು ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ತಾನು ಬರೆಯದ ಪತ್ರದ ಕೆಳಗೆ ತನ್ನ ಹೆಸರಿರುವುದನ್ನು ಜನ ಸಹಿಸಲಿಲ್ಲವೆಂಬುದು ಇಲ್ಲಿಯ ತಾತ್ಪರ್ಯ. ಅನಂತರದ ವರ್ಷಗಳಲ್ಲಿ ಪರಿಸ್ಥಿತಿ ವಿಚಿತ್ರವಾಗಿ ತಿರುಗಿತು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು; ೨೦೨೩ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯೇ ನೇಮಕಾತಿ ಮಾಡುವವರಿಗಾಗಿ, ಅಭ್ಯರ್ಥಿಯ ಪುಟವನ್ನು ನೋಡಿ ಪತ್ರದ ಕರಡನ್ನು ಯಂತ್ರವೇ ಬರೆದುಕೊಡುವ ಏರ್ಪಾಟನ್ನು ಮಾಡಿತು. ಹಿಂದೆ ತನ್ನ ಹೆಸರಿನಲ್ಲಿ ಯಂತ್ರ ಬರೆಯಿತೆಂದು ಜನ ನ್ಯಾಯಾಲಯಕ್ಕೆ ಹೋದರು. ಈಗ ಹಾಗೆ ಬರೆದುಕೊಡೆಂದು ಯಂತ್ರವನ್ನು ಕೇಳುತ್ತಿದ್ದಾರೆ.

ಇದರ ಪರಿಣಾಮವನ್ನು ಸ್ಪಷ್ಟವಾಗಿ ಕಾಣಬೇಕು. ದಾವಣಗೆರೆಯ ಉಲ್ಲೇಖಕ್ಕೆ ಹಿಂದೆ ಇದ್ದ ಬೆಲೆ ಅದರಲ್ಲಿದ್ದ ಸುದ್ದಿಯಿಂದ ಬಂದದ್ದಲ್ಲ. ಇವನು ನನಗಾಗಿ ಸ್ವಲ್ಪ ಹೊತ್ತು ಕಳೆದಿದ್ದಾನೆಂಬ ಸಾಕ್ಷ್ಯದಿಂದ ಬಂದದ್ದು. ಆ ಹೊತ್ತನ್ನು ಕಳೆಯದೆಯೇ ಅಂಥ ಸಾವಿರ ವಾಕ್ಯಗಳನ್ನು ಪಡೆಯಬಹುದಾದಾಗ ಸಾಕ್ಷ್ಯ ಸುಳ್ಳುಸಾಕ್ಷ್ಯವಾಗುತ್ತದೆ. ಹಾಗಾದರೆ ನಾವು ಹೊಗಳಿದ ಮೂರನೆಯ ಪತ್ರವನ್ನೂ ಯಂತ್ರ ಬರೆಯಲಾರದೇ? ವಾಕ್ಯಗಳನ್ನು ಬರೆಯಬಲ್ಲದು. ಆದರೆ ಇನ್ನೂರಕ್ಕಿಂತ ಕಡಮೆ ಉಪಕರಣಗಳಿದ್ದರೆ ನಮ್ಮದು ಬೇಡವೆಂಬುದೂ, ಬೇಡವೆಂದರೆ ಮತ್ತೆ ಬರೆಯುವುದಿಲ್ಲವೆಂಬುದೂ ಬರಿಯ ವಾಕ್ಯಗಳಲ್ಲ; ಅವು ಮಾತು ಕೊಡುವಿಕೆ. ಕೊಟ್ಟ ಮಾತನ್ನು ನಡೆಸಿಕೊಡಲು ಒಬ್ಬ ಮನುಷ್ಯ ಬೇಕು. ಪುರುಷಾನುರೂಪವೆಂಬ ಮಾತಿನಲ್ಲಿ ನಾವು ಓದುವ ಪುರುಷನನ್ನು ಮಾತ್ರ ನೋಡಿದರೆ ಸಾಲದು. ಬರೆದವನು ತನ್ನನ್ನು ಎಷ್ಟರಮಟ್ಟಿಗೆ ಕಟ್ಟಿಕೊಂಡಿದ್ದಾನೆಂಬುದರಿಂದಲೂ ಪತ್ರ ವೈಯಕ್ತಿಕವಾಗುತ್ತದೆ. ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಇದೇ ಎಂದು ನಾವು ಭಾವಿಸುತ್ತೇವೆ.

೬

ಇದಕ್ಕೆ ವ್ಯಾಪಾರಿಗಳು ಹೇಳುವ ಪ್ರತ್ಯುತ್ತರವೂ ಲಘುವಾದದ್ದಲ್ಲ. ಹೊಸದಾಗಿ ತೆರೆದ ಸಣ್ಣ ಸಂಸ್ಥೆಗೆ ಹೆಸರಿಲ್ಲ, ಹಣವಿಲ್ಲ, ಶಿಫಾರಸು ಮಾಡುವವರಿಲ್ಲ. ನೂರು ಬಾಗಿಲುಗಳನ್ನು ತಟ್ಟಿದರೆ ಒಂದು ತೆರೆಯುತ್ತದೆ. ಒಂದೊಂದಕ್ಕೂ ಅರ್ಧ ಗಂಟೆ ಕೊಡಲಾದೀತೇ ಎಂದು ಅವರು ಕೇಳುತ್ತಾರೆ. ನಿಜ. ಬಾಗಿಲು ತಟ್ಟುವುದನ್ನು ನಾವು ಹೀಗಳೆಯುತ್ತಿಲ್ಲ. ನೂರು ಮಂದಿಗೆ ಬರೆಯಲೇಬೇಕಾದರೆ ನೂರು ಮಂದಿಗೆಂದು ತಿಳಿಯುವಂತೆ, ಸಭ್ಯವಾಗಿ, ಸ್ಪಷ್ಟವಾಗಿ ಬರೆಯಬಹುದು. ಒಬ್ಬರಿಗೆ ಬರೆದಂತೆ ನಟಿಸುವುದು ಮಾತ್ರ ಬೇಡ.

ಏಕೆಂದರೆ ಈ ನಟನೆಯಿಂದ ಹೆಚ್ಚು ನಷ್ಟವಾಗುವುದು ಗಿರಾಕಿಗಳಿಗಲ್ಲ, ನಮ್ಮ ವಿದ್ಯಾರ್ಥಿಗಳಿಗೆ. ಹಿಂದೆ ದೊಡ್ಡ ಅಧಿಕಾರಿಯ ಹತ್ತಿರ ಹೋಗಬೇಕಾದರೆ ಪರಿಚಯದವರ ಚೀಟಿ ಬೇಕಾಗಿತ್ತು. ಚೀಟಿ ಬರೆಸಿಕೊಳ್ಳುವ ಬಳಗವಿಲ್ಲದ ಹಳ್ಳಿಯ ಹುಡುಗಿಯೂ ಈಗ ಕಾರ್ಖಾನೆಯ ಮುಖ್ಯ ಇಂಜಿನಿಯರಿಗೆ ನೇರವಾಗಿ ಒಂದು ಪತ್ರ ಬರೆಯಬಹುದು. ಇದು ಸಣ್ಣ ಲಾಭವಲ್ಲ. ಆದರೆ ಆ ಇಂಜಿನಿಯರು ದಿನವೂ ಬರುವ ಹುಸಿ ಮೆಚ್ಚುಗೆಗಳಿಂದ ಬೇಸತ್ತು, ಅಪರಿಚಿತರ ಪತ್ರಗಳನ್ನು ತೆರೆಯುವುದನ್ನೇ ಬಿಟ್ಟರೆ ಈ ಹುಡುಗಿಯ ನಿಜವಾದ ಪತ್ರವೂ ಅವುಗಳ ಜೊತೆಗೆ ಮುಚ್ಚಿಹೋಗುತ್ತದೆ. ಆಮೇಲೆ ಉಳಿಯುವುದು ಮತ್ತೆ ಹಳೆಯ ಚೀಟಿಯ ದಾರಿಯೇ. ಬಳಗವಿದ್ದವರಿಗೆ ಇದರಿಂದ ತೊಂದರೆಯೇನೂ ಇಲ್ಲ.

ಆದಕಾರಣ ನಮ್ಮ ತರಗತಿಗಳಲ್ಲಿ ಪತ್ರಲೇಖನವನ್ನು ಕಲಿಸುವಾಗ ವಿಳಾಸ, ದಿನಾಂಕ, ವಿಷಯಗಳ ಸ್ಥಾನವನ್ನು ಹೇಳಿ ಮುಗಿಸದೆ ಮೂರು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸಬೇಕೆಂದು ಸೂಚಿಸುತ್ತೇವೆ. ಓದುವವರನ್ನು ಕುರಿತ ಮಾತನ್ನು ತೆಗೆದರೆ ಪ್ರಾರ್ಥನೆ ಬದಲಾಗುವುದೇ? ಓದುವವರು ಬೇಡವೆನ್ನಲು ಸುಲಭವಾದ ದಾರಿಯಿದೆಯೇ? ಬರೆದವರು ನಡೆಸಿಕೊಡಬೇಕಾದ ಒಂದು ಮಾತಾದರೂ ಪತ್ರದಲ್ಲಿದೆಯೇ? ಕೌಟಿಲ್ಯನ ಆ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಓದಿಸಿ, ವಿದ್ಯಾರ್ಥಿಗಳು ತಮಗೇ ಬಂದ ಇಂಥ ಪತ್ರಗಳನ್ನು ಅದರ ಒರೆಗೆ ಹಚ್ಚುವಂತೆ ಮಾಡಿದರೆ ಒಂದು ವಾರದ ಪಾಠಕ್ಕೆ ಬೇಕಾದಷ್ಟು ಸಾಮಗ್ರಿ ದೊರೆಯುತ್ತದೆ. ಅಧ್ಯಾಪಕ ಮಿತ್ರರು ಇದನ್ನು ಪ್ರಯೋಗಿಸಿ ನೋಡಿ, ನಮ್ಮ ವಿವೇಚನೆಯಲ್ಲಿ ಕೊರತೆ ಕಂಡಲ್ಲಿ ತಿದ್ದಿದರೆ ನಾವು ಕೃತಜ್ಞರಾಗಿರುತ್ತೇವೆ.